ಹಳೇ ಯಂತ್ರಕ್ಕೆ ಹೊಸ ಪ್ರಿಂಟರ್: ಅಡಾಪ್ಟರ್ ಹಾಕಿಯೂ ಪ್ರಿಂಟ್ ಬರದಿದ್ದರೆ ಎಲ್ಲಿಂದ ಹುಡುಕಬೇಕು

ವೇ ಬ್ರಿಡ್ಜ್‌ನ ಇಂಡಿಕೇಟರ್ ಗಟ್ಟಿಮುಟ್ಟಾಗಿದೆ, ತೂಕ ಸರಿಯಾಗಿ ತೋರಿಸುತ್ತದೆ. ಆದರೆ ಅದರ ಜೊತೆಗಿದ್ದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕೈಕೊಟ್ಟಿದೆ. ಹೊಸದು ತಂದರೆ ಅದರ ಹಿಂದೆ ಯುಎಸ್‌ಬಿ ಸಾಕೆಟ್ ಮಾತ್ರ. ಇಂಡಿಕೇಟರ್ ಹಿಂದೆ ನೋಡಿದರೆ 25 ತೂತಿನ ಅಗಲ ಸಾಕೆಟ್. ಅಂಗಡಿಯವರು ಒಂದು ಅಡಾಪ್ಟರ್ ಕೊಡುತ್ತಾರೆ. ತಂದು ಹಾಕಿದರೆ ಒಂದು ಚುಕ್ಕೆಯೂ ಬರುವುದಿಲ್ಲ. ಹೊರಗೆ ಲಾರಿಗಳು ಚೀಟಿಗಾಗಿ ಸಾಲುಗಟ್ಟಿ ನಿಂತಿರುತ್ತವೆ.

ರಕ್ತ ಪರೀಕ್ಷೆಯ ಲ್ಯಾಬ್‌ನಲ್ಲಿ, ಡಾಸ್ (ವಿಂಡೋಸ್‌ಗೂ ಹಿಂದಿನ ಹಳೇ ಕಂಪ್ಯೂಟರ್ ವ್ಯವಸ್ಥೆ) ಮೇಲೆ ಲೆಕ್ಕ ಬರೆಯುವ ಸೊಸೈಟಿಯಲ್ಲಿ, ಹಳೇ ಟೆಸ್ಟಿಂಗ್ ಯಂತ್ರ ಇಟ್ಟುಕೊಂಡ ಕಾರ್ಖಾನೆಯಲ್ಲಿ ಇದೇ ಗೋಳು. ನಾನು ಇಂಥ ಜಾಗಗಳಿಗೆ ಹೋಗಿ ರಿಪೇರಿ ಮಾಡುವವನು. ಹೆಚ್ಚಿನ ಕಡೆ ಯಂತ್ರವೂ ಕೆಟ್ಟಿರುವುದಿಲ್ಲ, ಪ್ರಿಂಟರೂ ಕೆಟ್ಟಿರುವುದಿಲ್ಲ. ಮೂರು ವಿಷಯ ಹೊಂದಬೇಕು: ಪ್ಲಗ್, ದಿಕ್ಕು, ಭಾಷೆ. ಮಾಹಿತಿ ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತದೆ ಅನ್ನುವುದು ದಿಕ್ಕು. ಯಂತ್ರ ಕಳಿಸಿದ್ದು ಪ್ರಿಂಟರ್‌ಗೆ ಅರ್ಥವಾಗುತ್ತದಾ ಅನ್ನುವುದು ಭಾಷೆ. ಅಗ್ಗದ ಅಡಾಪ್ಟರ್ ಪ್ಲಗ್ ಒಂದನ್ನು ಮಾತ್ರ ಸರಿ ಮಾಡುತ್ತದೆ. ಪ್ಲಗ್ ಒಳಗೆ ಹೋಯಿತು ಅಂದರೆ ಕೆಲಸ ಆಯಿತು ಅಂತ ನಂಬುವುದರಿಂದಲೇ ದುಡ್ಡು ಹಾಳಾಗುವುದು.

## ಕೈ ಹಾಕುವ ಮೊದಲು

ಯಂತ್ರ, ಅಡಾಪ್ಟರ್, ಪ್ರಿಂಟರ್ ಮೂರನ್ನೂ ಆಫ್ ಮಾಡಿಯೇ ಹಳೇ ಕೇಬಲ್ ಹಾಕಿ, ತೆಗೆಯಿರಿ. ಯುಎಸ್‌ಬಿಯನ್ನು ಆನ್ ಇದ್ದಾಗಲೂ ಎಳೆದು ಹಾಕಿ ಅಭ್ಯಾಸವಾಗಿದೆ ಅಲ್ವಾ? ಪ್ಯಾರಲಲ್ ಪೋರ್ಟ್ (ಒಂದು ಅಕ್ಷರವನ್ನು ಎಂಟು ತಂತಿಯಲ್ಲಿ ಒಟ್ಟಿಗೆ ಕಳಿಸುವ ಹಳೇ ಸಾಕೆಟ್) ಅದನ್ನು ತಡೆಯುವುದಿಲ್ಲ. ಒಳಗಿನ ಐಸಿ ಸುಟ್ಟರೆ ಬೋರ್ಡೇ ಬದಲಿಸಬೇಕಾಗುತ್ತದೆ.

ಆಕಾರ ನೋಡಿ ಜೋಡಿಸಬೇಡಿ. 25 ಪಿನ್ನಿನ ಕನೆಕ್ಟರ್ ಪ್ಯಾರಲಲ್‌ಗೂ ಇದೆ, ಅಕ್ಷರವನ್ನು ಒಂದೇ ತಂತಿಯಲ್ಲಿ ಚೂರು ಚೂರಾಗಿ ಕಳಿಸುವ ಸೀರಿಯಲ್‌ಗೂ ಇದೆ. ಪ್ಯಾರಲಲ್‌ನಲ್ಲಿ ಓಡುವುದು 0 ಮತ್ತು 5 ವೋಲ್ಟ್. ಸೀರಿಯಲ್‌ನಲ್ಲಿ ಪ್ಲಸ್ 12, ಮೈನಸ್ 12 ವೋಲ್ಟ್‌ವರೆಗೂ ಇರುತ್ತದೆ. ಅದನ್ನು ಇದಕ್ಕೆ ಚುಚ್ಚಿದರೆ ಪ್ಯಾರಲಲ್ ಕಡೆಯದು ಸುಟ್ಟುಹೋಗಬಹುದು. ಹಳೇ ಕಂಪ್ಯೂಟರ್ ಹಿಂದೆ ತೂತಿರುವ 25 ಪಿನ್ ಪ್ಯಾರಲಲ್, ಸೂಜಿ ಇರುವ 25 ಪಿನ್ ಸೀರಿಯಲ್. ಆದರೆ ಇಂಡಿಕೇಟರ್, ಲ್ಯಾಬ್ ಯಂತ್ರಗಳಲ್ಲಿ ಈ ನಿಯಮ ಪಾಲಿಸಿರುತ್ತಾರೆ ಅಂತ ಇಲ್ಲ. ಕೈಪಿಡಿ ಇದ್ದರೆ ಮೊದಲು ಅದನ್ನು ನೋಡಿ. ಇಲ್ಲದಿದ್ದರೆ ಕೇಬಲ್ ತೆಗೆದಿಟ್ಟು, ಯಂತ್ರ ಒಂದನ್ನೇ ಆನ್ ಮಾಡಿ, ಮಲ್ಟಿಮೀಟರ್ ಅನ್ನು ಡಿಸಿ 20ರಲ್ಲಿಡಿ. ಕಪ್ಪು ಕಡ್ಡಿ ಸಾಕೆಟ್ಟಿನ ಲೋಹದ ಅಂಚಿಗೆ, ಕೆಂಪು ಕಡ್ಡಿ 2ನೇ ಪಿನ್ನಿಗೆ, ಆಮೇಲೆ 3ನೇ ಪಿನ್ನಿಗೆ. ಮೈನಸ್ 5ರಿಂದ ಮೈನಸ್ 12ರೊಳಗೆ ಏನಾದರೂ ಕಂಡರೆ ಅದು ಸೀರಿಯಲ್.

ವೇ ಬ್ರಿಡ್ಜ್ ಇಂಡಿಕೇಟರ್ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಸೀಲ್ ಇರುತ್ತದೆ. ಪ್ರಿಂಟರ್ ಸಮಸ್ಯೆಗೆ ಅಂತ ಅದನ್ನು ಒಡೆಯಲೇಬೇಡಿ. ಇಲ್ಲಿ ಹೇಳಿರುವ ಎಲ್ಲ ಪರೀಕ್ಷೆಯನ್ನೂ ಹೊರಗಿನ ಸಾಕೆಟ್‌ನಲ್ಲೇ ಮಾಡಬಹುದು.

ಇಸಿಜಿ ಥರ ರೋಗಿಯ ಮೈಗೆ ವೈರ್ ತಾಗಿಸುವ ಯಂತ್ರಕ್ಕೆ ಮಾಮೂಲಿ ಪ್ರಿಂಟರನ್ನೂ ಅಡಾಪ್ಟರನ್ನೂ ನೀವಾಗಿಯೇ ಜೋಡಿಸಬೇಡಿ. ಪ್ರಿಂಟರ್ ಕಡೆಯ ಸೋರುವ ಕರೆಂಟ್ ರೋಗಿಯವರೆಗೂ ಹೋಗಬಹುದು. ಆ ಯಂತ್ರದ ಕಂಪನಿಯ ಸರ್ವಿಸ್ ಎಂಜಿನಿಯರ್‌ಗೆ ಬಿಡಿ.

## ಏನೂ ಬರುತ್ತಿಲ್ಲ, ಅಡಾಪ್ಟರ್‌ನ ದೀಪವೂ ಹತ್ತುತ್ತಿಲ್ಲ

ಖರ್ಚಿಲ್ಲದ ಪರೀಕ್ಷೆ ಮೊದಲು. ಅಡಾಪ್ಟರ್, ಯಂತ್ರ ಎರಡನ್ನೂ ಬಿಚ್ಚಿಟ್ಟು ಪ್ರಿಂಟರ್ ಒಂದನ್ನೇ ಪರೀಕ್ಷೆ ಮಾಡಿ. ಎಪ್ಸನ್ ಎಲ್‌ಎಕ್ಸ್ ಮಾದರಿಯ ಡಾಟ್ ಮ್ಯಾಟ್ರಿಕ್ಸ್‌ನಲ್ಲಿ ಲೈನ್ ಫೀಡ್ ಬಟನ್ ಒತ್ತಿ ಹಿಡಿದು ಸ್ವಿಚ್ ಹಾಕಿದರೆ ಅದಾಗಿಯೇ ಅಕ್ಷರಗಳ ಸಾಲು ಪ್ರಿಂಟ್ ಮಾಡುತ್ತದೆ. ಬೇರೆ ಪ್ರಿಂಟರ್‌ಗಳಲ್ಲೂ ಇಂಥದ್ದೊಂದು ಸೆಲ್ಫ್ ಟೆಸ್ಟ್ ಇದ್ದೇ ಇರುತ್ತದೆ. ಅದು ಬರದಿದ್ದರೆ ದೋಷ ಪ್ರಿಂಟರ್‌ನದ್ದು. ಅಡಾಪ್ಟರ್ ಮೇಲೆ ಸುಮ್ನೆ ಅನುಮಾನ ಬೇಡ.

ಸೆಲ್ಫ್ ಟೆಸ್ಟ್ ಬಂತು ಅಂದರೆ ಅಡಾಪ್ಟರ್‌ನ ಕರೆಂಟ್ ನೋಡಿ. ಪ್ಯಾರಲಲ್ ಪೋರ್ಟ್‌ನಿಂದ ಒಂದು ಅಡಾಪ್ಟರ್ ಡಬ್ಬಿ ಓಡಿಸುವಷ್ಟು ಕರೆಂಟ್ ಸಿಗುವುದಿಲ್ಲ. ಅದಕ್ಕೇ ಇಂಥ ಡಬ್ಬಿಗಳ ಜೊತೆ 5 ವೋಲ್ಟ್‌ನ ಚಿಕ್ಕ ಪವರ್ ಅಡಾಪ್ಟರ್ ಬರುತ್ತದೆ. ಅದನ್ನು ಪೆಟ್ಟಿಗೆಯಲ್ಲೇ ಬಿಟ್ಟು, ಇದು ಬೇಡ ಅಂದುಕೊಂಡವರನ್ನು ಬಹಳ ಸಲ ನೋಡಿದ್ದೇನೆ. ಡಬ್ಬಿ ಮೇಲೆ ಬರೆದ ವೋಲ್ಟ್ ಎಷ್ಟೋ ಅಷ್ಟೇ ಕೊಡಿ. 12 ವೋಲ್ಟ್‌ನ ರೌಟರ್ ಅಡಾಪ್ಟರ್‌ಗೂ ಇದೇ ಪಿನ್ ಇರುತ್ತದೆ, ಹಾಕಿದರೆ ಡಬ್ಬಿ ಹೋಯಿತು.

ಇನ್ನೊಂದು ಮಾತು. ಅಡಾಪ್ಟರ್ ಕೊಳ್ಳುವ ಮೊದಲು ಹೊಸ ಪ್ರಿಂಟರ್‌ನ ಹಿಂಭಾಗವನ್ನು ಸರಿಯಾಗಿ ನೋಡಿದ್ದೀರಾ? ಎಪ್ಸನ್ ಎಲ್‌ಎಕ್ಸ್ 310ರಲ್ಲಿ ಯುಎಸ್‌ಬಿ, ಪ್ಯಾರಲಲ್, ಸೀರಿಯಲ್ ಮೂರೂ ಇವೆ. ಅಂಥ ಪ್ರಿಂಟರ್ ಕೈಯಲ್ಲಿದ್ದರೆ ಹಳೇ ಕೇಬಲ್ಲೇ ಸಾಕು, ಅಡಾಪ್ಟರ್ ಬೇಕೇ ಇಲ್ಲ.

## ದೀಪ ಹತ್ತಿದೆ, ಪೇಪರ್ ಇದೆ, ಆದರೂ ಪ್ರಿಂಟರ್ ಮಿಸುಕುವುದಿಲ್ಲ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನನಗೆ ಬರುವ ಕರೆಗಳಲ್ಲಿ ಇದೇ ಜಾಸ್ತಿ.

ಅಡಿಕೆ ಲಾರಿಗಳು ಬರುವ ಒಂದು ವೇ ಬ್ರಿಡ್ಜ್‌ಗೆ ಹೋಗಿದ್ದೆ. ಅಲ್ಲಿಯ ಹುಡುಗ, "ಸಾರ್, ಎಲ್ಲಾ ಟೈಟಾಗಿ ಕೂತಿದೆ, ಒಂದು ಲೈನೂ ಬರ್ತಿಲ್ಲ" ಅಂದ. ಅವನ ಕೈಯಲ್ಲಿದ್ದದ್ದು ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಹೋಗುವ ಕೇಬಲ್. ಅದರ ಯುಎಸ್‌ಬಿ ತುದಿ ಪ್ರಿಂಟರ್‌ಗೆ ಹೊಂದದೆ, ನಡುವೆ ಇನ್ನೊಂದು ಜಾಯಿಂಟರ್ ಹಾಕಿದ್ದರು. ಇನ್ನೊಂದು ತುದಿಗೂ ಒಂದು ಜಾಯಿಂಟರ್. ಎಲ್ಲ ಗಟ್ಟಿಯಾಗಿ ಕೂತಿತ್ತು, ನಿಜ. ಆದರೆ ಆ ಕೇಬಲ್ ಈ ಕೆಲಸಕ್ಕೆ ಮಾಡಿದ್ದೇ ಅಲ್ಲ.

ಯುಎಸ್‌ಬಿಯಲ್ಲಿ ಒಂದು ಕಡೆ ಯಜಮಾನ, ಇನ್ನೊಂದು ಕಡೆ ಕೆಲಸದವನು. ಯಜಮಾನ ಕರೆದು ಕೇಳುವವರೆಗೂ ಕೆಲಸದವನು ಬಾಯಿ ಬಿಡುವುದಿಲ್ಲ. ಕಂಪ್ಯೂಟರ್ ಯಜಮಾನ, ಪ್ರಿಂಟರ್ ಕೆಲಸದವನು. ಅಂಗಡಿಯಲ್ಲಿ ಸಿಗುವ ಆ ಕೇಬಲ್‌ನೊಳಗಿನ ಚಿಪ್ ಕೂಡ ಕೆಲಸದವನೇ. ಅದು ಹೊಸ ಕಂಪ್ಯೂಟರ್‌ನಿಂದ ಹಳೇ ಪ್ರಿಂಟರ್‌ಗೆ ಕಳಿಸಲು ಮಾಡಿದ್ದು. ನಿಮಗೆ ಬೇಕಾಗಿರುವುದು ಅದರ ಉಲ್ಟಾ, ಹಳೇ ಯಂತ್ರದಿಂದ ಹೊಸ ಪ್ರಿಂಟರ್‌ಗೆ. ಆ ಕೇಬಲ್ ಹಾಕಿದರೆ ಎರಡೂ ತುದಿಯಲ್ಲಿ ಕೆಲಸದವರೇ ಕೂತಿರುತ್ತಾರೆ. ಯಾರೂ ಮಾತು ಶುರು ಮಾಡುವುದಿಲ್ಲ. ಎಷ್ಟು ಜಾಯಿಂಟರ್ ಹಾಕಿದರೂ ದಿಕ್ಕು ಬದಲಾಗುವುದಿಲ್ಲ.

ಅಂಗಡಿಯಲ್ಲೇ ಇದನ್ನು ಕಣ್ಣಲ್ಲೇ ಗುರುತಿಸಬಹುದು. ಅಡಾಪ್ಟರ್‌ನ ಯುಎಸ್‌ಬಿ ತುದಿ ಪೆನ್ ಡ್ರೈವ್ ಥರ ಹೊರಗೆ ಚಾಚಿದ್ದರೆ ಅದು ಕಂಪ್ಯೂಟರ್‌ಗೆ ಚುಚ್ಚುವಂಥದ್ದು, ನಿಮಗೆ ಆಗುವುದಿಲ್ಲ. ನಿಮಗೆ ಬೇಕಾದ ಡಬ್ಬಿಯಲ್ಲಿ ಪೆನ್ ಡ್ರೈವ್ ಹಾಕುವಂಥ ಚಪ್ಪಟೆ ಸಾಕೆಟ್ ಇರುತ್ತದೆ. ಪ್ರಿಂಟರ್‌ನ ಮಾಮೂಲಿ ಯುಎಸ್‌ಬಿ ಕೇಬಲ್ ಅದಕ್ಕೆ ಹೋಗುತ್ತದೆ. ಅದಕ್ಕೆ ಬೇರೆ ಪವರ್ ಇರುತ್ತದೆ, ಬೆಲೆಯೂ ಕೇಬಲ್‌ಗಿಂತ ಬಹಳ ಜಾಸ್ತಿ. "ಪ್ಯಾರಲಲ್ ಇನ್, ಯುಎಸ್‌ಬಿ ಪ್ರಿಂಟರ್ ಔಟ್" ಅಂತ ಬಾಯಿಬಿಟ್ಟು ಕೇಳಿ. "ಎರಡೂ ಕಡೆ ಆಗುತ್ತೆ" ಅಂತ ಹೇಳಿದರೆ, ತೋರಿಸಿ ಅನ್ನಿ.

ಸೀರಿಯಲ್‌ನಲ್ಲೂ ಇದೇ ಕಥೆ. ಯುಎಸ್‌ಬಿಯಿಂದ ಸೀರಿಯಲ್‌ಗೆ ಹೋಗುವ ಅಗ್ಗದ ವೈರ್ ಕಂಪ್ಯೂಟರ್‌ಗೆ ಮಾತ್ರ. ಪ್ರಿಂಟರ್‌ಗೆ ಅದು ಪ್ರಯೋಜನವಿಲ್ಲ.

## ಸರಿಯಾದ ಡಬ್ಬಿಯೇ ಇದೆ, ಯಂತ್ರ ಮಾತ್ರ "ಪ್ರಿಂಟರ್ ನಾಟ್ ರೆಡಿ" ಅನ್ನುತ್ತದೆ

ಪ್ಯಾರಲಲ್‌ನಲ್ಲಿ ಯಂತ್ರ ಒಂದೊಂದು ಅಕ್ಷರ ಕಳಿಸುವಾಗಲೂ ಪ್ರಿಂಟರ್‌ನ ಉತ್ತರ ನೋಡುತ್ತದೆ. 25 ಪಿನ್ನಿನ ಕಡೆ 11ನೇ ಪಿನ್ "ಬಿಜಿ", 12ನೇದು "ಪೇಪರ್ ಇಲ್ಲ", 13ನೇದು "ನಾನು ಆನ್‌ಲೈನ್", 15ನೇದು "ತೊಂದರೆ ಇದೆ". ಕಡಿಮೆ ಬೆಲೆಯ ಕೇಬಲ್‌ಗಳಲ್ಲಿ ಇವುಗಳಲ್ಲೊಂದು ವೈರ್ ಬಿಟ್ಟಿರುತ್ತಾರೆ. ಆಗ ಪ್ರಿಂಟರ್ ತಯಾರಿದ್ದರೂ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಕೇಬಲ್ ಬಿಚ್ಚಿ, ಮೀಟರ್‌ನ ಬೀಪ್ ಇಟ್ಟು, ಈ ನಾಲ್ಕು ಪಿನ್ ತುದಿಯಿಂದ ತುದಿಗೆ ಹೋಗುತ್ತವಾ ನೋಡಿ. ಇನ್ನೊಂದು ತುದಿ 36 ಪಿನ್ನಿನ ಸೆಂಟ್ರಾನಿಕ್ಸ್ ಆಗಿದ್ದರೆ 11, 12, 13ರ ಸಂಖ್ಯೆ ಅದೇ ಇರುತ್ತದೆ, 15 ಮಾತ್ರ ಆ ಕಡೆ 32ಕ್ಕೆ ಹೋಗುತ್ತದೆ.

ಸೀರಿಯಲ್ ಆದರೆ ಮೊದಲು ನೋಡಬೇಕಾದ್ದು 2 ಮತ್ತು 3. ಒಬ್ಬರ ಮಾತಾಡುವ ಪಿನ್ ಇನ್ನೊಬ್ಬರ ಕೇಳುವ ಪಿನ್ನಿಗೆ ಸೇರಬೇಕು. 9 ಪಿನ್ನಿನ ಸಾಕೆಟ್‌ನಲ್ಲಿ ಕಪ್ಪು ಕಡ್ಡಿ 5ಕ್ಕೆ ಇಟ್ಟು, ಕೆಂಪನ್ನು 2ಕ್ಕೂ 3ಕ್ಕೂ ಇಟ್ಟು ನೋಡಿ. ಮೈನಸ್ ತೋರಿಸುವ ಪಿನ್ನೇ ಮಾತಾಡುವ ಪಿನ್. ಯಂತ್ರದಲ್ಲೂ ಡಬ್ಬಿಯಲ್ಲೂ ಒಂದೇ ನಂಬರ್ ಬಂದರೆ ಇಬ್ಬರೂ ಒಂದೇ ತಂತಿಯಲ್ಲಿ ಮಾತಾಡುತ್ತಿದ್ದಾರೆ. ಅದಕ್ಕೆ 2, 3 ಅದಲು ಬದಲಾದ ಕ್ರಾಸ್ ಕೇಬಲ್ ಬೇಕು. ಅಂಗಡಿಯಲ್ಲಿ ನಲ್ ಮೋಡೆಮ್ ಅಂತ ಕೇಳಿ.

ಅದೂ ಸರಿಯಿದ್ದು ಮೌನವಾಗಿದ್ದರೆ ಯಂತ್ರ 8ನೇ ಪಿನ್ನಿನಲ್ಲಿ "ಕಳಿಸು" ಅನ್ನುವ ಅಪ್ಪಣೆಗೆ ಕಾಯುತ್ತಿರಬಹುದು. ಯಂತ್ರದ ಸೆಟಪ್ ಮೆನುವಿನಲ್ಲಿ ಹ್ಯಾಂಡ್‌ಶೇಕ್ ಅನ್ನುವ ಸೆಟ್ಟಿಂಗ್ ಹುಡುಕಿ, ಡಬ್ಬಿಯಲ್ಲಿ ಏನಿದೆಯೋ ಅದನ್ನೇ ಇಡಿ. ತೂಕದ ಕ್ಯಾಲಿಬ್ರೇಷನ್ ಮೆನು ಬೇರೆ ಇರುತ್ತದೆ. ಅದರ ಹತ್ತಿರ ಹೋಗಬೇಡಿ.

## ಬರುತ್ತದೆ, ಆದರೆ ಏನೇನೋ ಗುರುತುಗಳು

ಪೂರ್ತಿ ಕಸ, ಒಂದು ಅಕ್ಷರವೂ ಓದಲು ಆಗುವುದಿಲ್ಲ ಅಂದರೆ ಸೀರಿಯಲ್‌ನ ವೇಗ ಹೊಂದಿಲ್ಲ. ಉದಾಹರಣೆಗೆ ಯಂತ್ರ ಸೆಕೆಂಡಿಗೆ 2400 ಬಿಟ್ (ಒಂದೊಂದು ಬಿಟ್ ಅಂದರೆ ಒಂದು 0 ಅಥವಾ 1) ವೇಗದಲ್ಲಿ ಕಳಿಸುತ್ತಿದೆ, ಡಬ್ಬಿ 9600ರಲ್ಲಿ ಕೇಳುತ್ತಿದೆ. ಎರಡೂ ಕಡೆ ಒಂದೇ ಮಾಡಿ.

ಕೆಲವು ಅಂಕಿ ಸರಿ, ಕೆಲವು ತಪ್ಪು ಅಂದರೆ ಅದು ಬೇರೆ ದೋಷ, ಮತ್ತು ನನಗೆ ಬಹಳ ಇಷ್ಟವಾದ ದೋಷ. ಒಂದು ಚೀಟಿಯಲ್ಲಿ 12450 ಕಿಲೋ ಬರಬೇಕಿತ್ತು. 1, 2, 4 ಓರೆಯಾಗಿ ಬಂದಿದ್ದವು, 5 ಮತ್ತು 0 ನೆಟ್ಟಗಿದ್ದವು. ಮಾಲೀಕರು ಹೆಡ್ ಸಡಿಲವಾಗಿದೆ ಅಂದುಕೊಂಡಿದ್ದರು. ಹೆಡ್ ಸಡಿಲವಾದರೆ ಎಲ್ಲ ಅಂಕಿಯೂ ಕೆಡಬೇಕು, ಅಲ್ವಾ?

ಆಗಿದ್ದು ಹೀಗೆ. ಇಂಡಿಕೇಟರ್ 7 ಬಿಟ್ ಕಳಿಸಿ, 8ನೇ ಜಾಗದಲ್ಲಿ ಸರಿಸಂಖ್ಯೆಯ (ಈವನ್) ಪ್ಯಾರಿಟಿ ಬಿಟ್, ಅಂದರೆ ಒಟ್ಟು ಒಂದುಗಳ ಎಣಿಕೆ ಸರಿಸಂಖ್ಯೆ ಆಗುವಂತೆ ಮಾಡುವ ತಪಾಸಣೆಯ ಬಿಟ್, ಸೇರಿಸುತ್ತಿತ್ತು. ಪ್ರಿಂಟರ್ ಅದನ್ನು ಅಕ್ಷರದ ಭಾಗ ಅಂದುಕೊಂಡು 8 ಬಿಟ್ಟಾಗಿ ಓದುತ್ತಿತ್ತು. 1, 2, 4, 7, 8ರ ಸಂಕೇತದಲ್ಲಿ ಬೆಸ ಸಂಖ್ಯೆಯ ಒಂದುಗಳಿವೆ, ಹಾಗಾಗಿ ಪ್ಯಾರಿಟಿ ಬಿಟ್ ಸೇರಿ ಅವು ಬೇರೆ ಅಕ್ಷರವಾಗುತ್ತವೆ. 0, 3, 5, 6, 9 ಹಾಗೇ ಉಳಿಯುತ್ತವೆ. ಎಪ್ಸನ್ ಪ್ರಿಂಟರ್‌ನಲ್ಲಿ ಇಟಾಲಿಕ್ ಅಕ್ಷರಪಟ್ಟಿ ಆಯ್ಕೆಯಾಗಿದ್ದರೆ ಮೇಲಿನ ಅರ್ಧದಲ್ಲಿರುವುದು ಅವೇ ಅಕ್ಷರಗಳ ಓರೆ ರೂಪ. ಬೇರೆ ಪಟ್ಟಿ ಇದ್ದರೆ ಅದೇ ಜಾಗದಲ್ಲಿ ಗೆರೆ, ಚೌಕ ಬರುತ್ತವೆ. ಎರಡೂ ಕಡೆ 7 ಬಿಟ್, ಈವನ್ ಪ್ಯಾರಿಟಿ ಇಟ್ಟ ಕೂಡಲೇ ಚೀಟಿ ನೆಟ್ಟಗಾಯಿತು. ನಿಮ್ಮ ಚೀಟಿಯಲ್ಲಿ ಈ ಐದು ಅಂಕಿಗಳೇ ಕೆಟ್ಟಿದ್ದರೆ ಬೇರೇನೂ ಹುಡುಕಬೇಡಿ.

ಸಾಫ್ಟ್‌ವೇರ್ ಕನ್ನಡ ಅಕ್ಷರವನ್ನು ಚಿತ್ರದ ರೂಪದಲ್ಲಿ ಕಳಿಸುತ್ತಿದ್ದರೆ 7 ಬಿಟ್ ಸಾಲುವುದಿಲ್ಲ. ಚಿತ್ರಕ್ಕೆ ಎಂಟೂ ಬಿಟ್ ಬೇಕು. ಇಂಗ್ಲಿಷ್ ಸರಿ, ಕನ್ನಡ ಮಾತ್ರ ಚೂರುಚೂರು ಅಂದರೆ ಇದನ್ನೇ ನೋಡಿ.

ಅಕ್ಷರ ಸರಿಯಿದ್ದು ಮಧ್ಯೆ ಮಧ್ಯೆ ಒಂದು ಚಿಹ್ನೆ, ಪಕ್ಕದಲ್ಲಿ ಇಂಗ್ಲಿಷ್ E, @ ಥರದ್ದು ಬರುತ್ತಿದ್ದರೆ ಪ್ಲಗ್ಗೂ ದಿಕ್ಕೂ ಸರಿಯಾಗಿವೆ, ಭಾಷೆ ಹೊಂದಿಲ್ಲ. ದಪ್ಪ ಮಾಡು, ಅಗಲ ಮಾಡು ಅನ್ನುವ ಆದೇಶಗಳನ್ನು ಪ್ರಿಂಟರ್ ಅಕ್ಷರ ಅಂತ ಓದುತ್ತಿದೆ. ಪ್ರಿಂಟರ್‌ನ ಎಮ್ಯುಲೇಷನ್ (ಯಾವ ಭಾಷೆ ಕೇಳಬೇಕು ಅನ್ನುವ) ಸೆಟ್ಟಿಂಗ್‌ನಲ್ಲಿ ಎಪ್ಸನ್ ಇಎಸ್‌ಸಿ/ಪಿ, ಐಬಿಎಂ ಅನ್ನುವ ಆಯ್ಕೆಗಳಿರುತ್ತವೆ. ಒಂದರಿಂದ ಇನ್ನೊಂದಕ್ಕೆ ಬದಲಿಸಿ ನೋಡಿ.

ಇಷ್ಟಕ್ಕೂ ಬಗೆಹರಿಯದಿದ್ದರೆ ಹೆಕ್ಸ್ ಡಂಪ್ ತೆಗೆಯಿರಿ. ಎಪ್ಸನ್ ಎಲ್‌ಎಕ್ಸ್‌ನಲ್ಲಿ ಲೈನ್ ಫೀಡ್ ಮತ್ತು ಲೋಡ್ ಬಟನ್ ಎರಡನ್ನೂ ಒತ್ತಿ ಹಿಡಿದು ಆನ್ ಮಾಡಬೇಕು. ಆಮೇಲೆ ಬಂದ ಪ್ರತಿ ಅಕ್ಷರದ ಸಂಕೇತವೂ ಪ್ರಿಂಟ್ ಆಗುತ್ತದೆ. 12450 ಸರಿಯಾಗಿ ಬಂದಿದ್ದರೆ 31 32 34 35 30 ಅಂತ ಕಾಣಬೇಕು. ಆ ಓರೆ ಚೀಟಿಯಲ್ಲಿ ಕಂಡಿದ್ದು ಬಿ1 ಬಿ2 ಬಿ4 35 30. ಈ ಹಾಳೆಯನ್ನು ಎಸೆಯಬೇಡಿ. ಮುಂದೆ ಯಾರನ್ನು ಕೇಳಿದರೂ ಮೊದಲು ಬೇಕಾಗುವುದು ಇದೇ.

## ಮೆಟ್ಟಿಲಿನ ಹಾಗೆ ಇಳಿಯುತ್ತದೆ, ಅಥವಾ ಎಲ್ಲ ಒಂದೇ ಸಾಲಿನ ಮೇಲೆ

ಎರಡು ಆದೇಶಗಳಿವೆ. ಒಂದು "ಎಡಕ್ಕೆ ವಾಪಸ್ ಬಾ", ಇನ್ನೊಂದು "ಒಂದು ಸಾಲು ಇಳಿ". ಹೆಕ್ಸ್ ಡಂಪ್‌ನಲ್ಲಿ 0ಡಿ ಮತ್ತು 0ಎ. ಎರಡನೆಯದು ಮಾತ್ರ ಬಂದರೆ ಪ್ರತಿ ಸಾಲೂ ಹಿಂದಿನದು ಮುಗಿದ ಕಡೆಯಿಂದ ಶುರುವಾಗಿ ಮೆಟ್ಟಿಲಾಗುತ್ತದೆ. ಮೊದಲನೆಯದು ಮಾತ್ರ ಬಂದರೆ ಸಾಲಿನ ಮೇಲೆ ಸಾಲು. ಸಾಲಿನ ಮೇಲೆ ಸಾಲು ಬೀಳುತ್ತಿದ್ದರೆ ಪ್ರಿಂಟರ್‌ನ ಆಟೋ ಲೈನ್ ಫೀಡ್ ಆನ್ ಮಾಡಿ. ಚೀಟಿ ಎರಡು ಪಟ್ಟು ಉದ್ದವಾಗಿ ಬರುತ್ತಿದ್ದರೆ ಅದನ್ನೇ ಆಫ್ ಮಾಡಿ. ಮೆಟ್ಟಿಲಿಗೆ ಯಂತ್ರದ ಅಥವಾ ಡಬ್ಬಿಯ ಸೆಟ್ಟಿಂಗ್‌ನಲ್ಲಿ 0ಡಿ ಸೇರಿಸಬೇಕು.

## ಲೇಸರ್ ಪ್ರಿಂಟರ್: ದೀಪ ಮಿನುಗುತ್ತದೆ, ಹಾಳೆ ಬರುವುದಿಲ್ಲ

ಡಾಟ್ ಮ್ಯಾಟ್ರಿಕ್ಸ್ ಸಾಲು ಸಾಲಾಗಿ ಹೊಡೆಯುತ್ತದೆ. ಲೇಸರ್ ಪೂರ್ತಿ ಪುಟ ತುಂಬುವವರೆಗೂ ಕಾಯುತ್ತದೆ. ನಿಮ್ಮ ಚೀಟಿ ಹತ್ತು ಸಾಲಿನದ್ದು. ಕೊನೆಯಲ್ಲಿ "ಪುಟ ಮುಗಿಯಿತು" ಅನ್ನುವ 0ಸಿ ಸಂಕೇತ ಬರದಿದ್ದರೆ ಅದು ಕಾಯುತ್ತಲೇ ಇರುತ್ತದೆ. ಪ್ರಿಂಟರ್‌ನ ಮುಂದುವರಿಸುವ ಬಟನ್ ಒತ್ತಿ. ಹಾಳೆ ಬಂತು ಅಂದರೆ ದೋಷ ಸಿಕ್ಕಿತು. ಕೆಲವು ಡಬ್ಬಿಗಳಲ್ಲಿ, ಇಷ್ಟು ಸೆಕೆಂಡ್ ಏನೂ ಬರದಿದ್ದರೆ ಪುಟ ಹೊರಗೆ ಹಾಕು ಅನ್ನುವ ಸೆಟ್ಟಿಂಗ್ ಇದೆ. ಅದನ್ನು ಆನ್ ಮಾಡಿ.

ಬಟನ್ ಒತ್ತಿದರೂ ಬರಲಿಲ್ಲವಾ? ಪ್ರಿಂಟರ್‌ನ ವಿವರದ ಹಾಳೆಯಲ್ಲಿ ಭಾಷೆ ಅಥವಾ ಎಮ್ಯುಲೇಷನ್ ಅನ್ನುವ ಸಾಲು ನೋಡಿ. ಪಿಸಿಎಲ್ 5 ಅಥವಾ ಇಎಸ್‌ಸಿ/ಪಿ ಇದ್ದರೆ ದಾರಿ ಇದೆ. ಜಿಡಿಐ, ಹೋಸ್ಟ್ ಬೇಸ್ಡ್ ಅಂತಿದ್ದರೆ ಆ ಪ್ರಿಂಟರ್‌ಗೆ ಸ್ವಂತ ಬುದ್ಧಿ ಇಲ್ಲ. ಕಂಪ್ಯೂಟರ್‌ನ ಡ್ರೈವರ್ ಪುಟವನ್ನು ಚಿತ್ರ ಮಾಡಿ ಕೊಟ್ಟರೆ ಮಾತ್ರ ಪ್ರಿಂಟ್ ಮಾಡುತ್ತದೆ. ಕಡಿಮೆ ಬೆಲೆಯ ಲೇಸರ್‌ಗಳಲ್ಲಿ, ಮನೆಬಳಕೆಯ ಇಂಕ್ ಪ್ರಿಂಟರ್‌ಗಳಲ್ಲಿ ಇಂಥವೇ ಜಾಸ್ತಿ. ಬರೀ ಪೋರ್ಟ್ ಬದಲಿಸುವ ಡಬ್ಬಿಗೆ ಇದು ಆಗದ ಕೆಲಸ. ಒಂದೋ ಪ್ರಿಂಟರ್ ಬದಲಿಸಿ, ಇಲ್ಲವೇ ನಡುವೆ ಒಂದು ಕಂಪ್ಯೂಟರ್ ಇಟ್ಟು ಅದರಿಂದ ಪ್ರಿಂಟ್ ಕೊಡಿ.

ಕಾರ್ಬನ್ ಹಾಕಿ ಮೂರು ಪ್ರತಿ ತೆಗೆಯುವವರು ಲೇಸರ್ ಕಡೆ ಹೋಗುವುದೇ ಬೇಡ. ಕಾಗದವನ್ನು ಒತ್ತಿ ಹೊಡೆಯುವ ಪ್ರಿಂಟರ್ ಮಾತ್ರ ಕಾರ್ಬನ್ ಪ್ರತಿ ಕೊಡುತ್ತದೆ.

## ಡಾಸ್ ಸಾಫ್ಟ್‌ವೇರ್‌ಗೆ ಪ್ರಿಂಟರ್ ಕಾಣುವುದೇ ಇಲ್ಲ

ಹೊಸ ಕಂಪ್ಯೂಟರ್‌ಗೆ ಯುಎಸ್‌ಬಿ ಪ್ಯಾರಲಲ್ ಕೇಬಲ್ ಹಾಕಿದರೆ ಎಲ್‌ಪಿಟಿ1 (ಕಂಪ್ಯೂಟರ್‌ನಲ್ಲಿ ಪ್ಯಾರಲಲ್ ಪೋರ್ಟ್‌ನ ಹೆಸರು) ಹುಟ್ಟುವುದಿಲ್ಲ. ವಿಂಡೋಸ್ ಅದನ್ನು ಯುಎಸ್‌ಬಿ001 ಅನ್ನುವ ಪೋರ್ಟ್ ಅಂತ ತೋರಿಸುತ್ತದೆ. ಹಳೇ ಸಾಫ್ಟ್‌ವೇರ್ ಹುಡುಕುವುದು ಎಲ್‌ಪಿಟಿ1 ಅನ್ನೇ. ಪ್ರಿಂಟರ್ ಷೇರ್ ಮಾಡಿ, ಕಮಾಂಡ್ ಪ್ರಾಂಪ್ಟ್‌ನಲ್ಲಿ ನೆಟ್ ಯೂಸ್ ಆದೇಶದಿಂದ ಎಲ್‌ಪಿಟಿ1 ಅನ್ನು ಆ ಷೇರ್ ಹೆಸರಿಗೆ ಕಟ್ಟಿದರೆ ಬಹಳ ಸಾಫ್ಟ್‌ವೇರ್‌ಗಳು ಪ್ರಿಂಟ್ ಕೊಡುತ್ತವೆ. 64 ಬಿಟ್ ವಿಂಡೋಸ್‌ನಲ್ಲಿ ಡಾಸ್ ಪ್ರೋಗ್ರಾಂ ನೇರವಾಗಿ ಓಡುವುದೇ ಇಲ್ಲ. ಅಲ್ಲಿ ಪ್ರಿಂಟ್ ಸೌಲಭ್ಯ ಇರುವ ಡಾಸ್ ಎಮ್ಯುಲೇಟರ್ ಬೇಕು. ಏನೇ ಮಾಡುವ ಮೊದಲು ಲೆಕ್ಕದ ಫೈಲ್‌ಗಳನ್ನು ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳಿ.

## ಬೆಳಿಗ್ಗೆ ಸರಿ, ಮಧ್ಯಾಹ್ನ ಸಾಲು ತಿನ್ನುತ್ತದೆ

ಕೇಬಲ್ ಉದ್ದ ಅಳೆಯಿರಿ. ಮಾಮೂಲಿ ಪ್ಯಾರಲಲ್ ಕೇಬಲ್ 3 ಮೀಟರ್ ಒಳಗಿರಲಿ, ಯುಎಸ್‌ಬಿ 5 ಮೀಟರ್ ಒಳಗೆ. ಸೀರಿಯಲ್ 15 ಮೀಟರ್‌ವರೆಗೂ ತಡೆಯುತ್ತದೆ. ಕೇಬಲ್ ಮೋಟರ್ ವೈರ್ ಪಕ್ಕದಲ್ಲಿ ಹೋಗುತ್ತಿದ್ದರೆ ದೂರ ಸರಿಸಿ. ಪಂಪ್ ಶುರುವಾದಾಗಲೇ ಅಕ್ಷರ ಹಾರುತ್ತದೆ ಅಂದರೆ ಕಾರಣ ಅದೇ.

ಯಂತ್ರ ಒಂದು ಗೋಡೆಯ ಪ್ಲಗ್‌ನಲ್ಲಿ, ಪ್ರಿಂಟರ್ ಇನ್ನೊಂದು ಗೋಡೆಯಲ್ಲಿ ಇದ್ದರೆ ಎರಡನ್ನೂ ಒಂದೇ ಯುಪಿಎಸ್‌ಗೆ ತನ್ನಿ. ಕನೆಕ್ಟರ್‌ನ ಲೋಹ ಮುಟ್ಟಿದಾಗ ಕೈ ಜುಮ್ ಅಂದರೆ ಅಲ್ಲಿಗೇ ನಿಲ್ಲಿಸಿ. ಅದು ಅರ್ತಿಂಗ್ ದೋಷ. ಡಬ್ಬಿ ಎಷ್ಟು ಬದಲಿಸಿದರೂ ಸುಡುತ್ತಲೇ ಇರುತ್ತದೆ, ಮನುಷ್ಯರಿಗೂ ಅಪಾಯ. ಎಲೆಕ್ಟ್ರಿಷಿಯನ್ ಕರೆಸಿ ನ್ಯೂಟ್ರಲ್‌ಗೂ ಅರ್ತ್‌ಗೂ ನಡುವಿನ ವೋಲ್ಟ್ ಅಳೆಸಿ. ಅರ್ತಿಂಗ್ ಸರಿಯಾದ ಮೇಲೆಯೇ ಕೇಬಲ್ ಮತ್ತೆ ಜೋಡಿಸಿ.

## ಯಾವಾಗ ಕೈಬಿಡಬೇಕು, ಯಾರಿಗೆ ಏನು ತೋರಿಸಬೇಕು

ಸುಟ್ಟ ವಾಸನೆ ಬಂದರೆ, ಡಬ್ಬಿ ಮುಟ್ಟಲಾಗದಷ್ಟು ಬಿಸಿಯಾದರೆ, ಕೆಲಸ ಮಾಡುವ ಹಳೇ ಪ್ರಿಂಟರ್‌ಗೂ ಈಗ ಏನೂ ಹೋಗುತ್ತಿಲ್ಲ ಅಂದರೆ ಮುಂದುವರಿಸಬೇಡಿ. ಕೊನೆಯದ್ದು ಯಂತ್ರದ ಪೋರ್ಟೇ ಹೋಗಿರುವ ಲಕ್ಷಣ. ಇಂಡಿಕೇಟರ್ ಬಿಚ್ಚಲೇಬೇಕಾದರೆ ಲೈಸೆನ್ಸ್ ಇರುವ ರಿಪೇರಿಯವರಿಂದಲೇ ಬಿಚ್ಚಿಸಿ, ಇಲಾಖೆಯಿಂದ ಮತ್ತೆ ಸೀಲ್ ಹಾಕಿಸಿ.

ರಿಪೇರಿಯವರಿಗೆ ಫೋನ್ ಮಾಡುವ ಮೊದಲು ನಾಲ್ಕು ಫೋಟೋ ತೆಗೆದಿಡಿ: ಯಂತ್ರದ ಸಾಕೆಟ್, ಡಬ್ಬಿಯ ಎರಡೂ ತುದಿ, ಪ್ರಿಂಟರ್‌ನ ಹಿಂಭಾಗ, ಕೆಟ್ಟು ಬಂದ ಚೀಟಿ. ಚೀಟಿಯ ಪಕ್ಕದಲ್ಲಿ ಪೆನ್ನಿನಿಂದ, ಏನು ಬರಬೇಕಿತ್ತು ಅಂತ ಬರೆಯಿರಿ. ಹೆಕ್ಸ್ ಡಂಪ್ ಹಾಳೆ ಇದ್ದರೆ ಅದನ್ನೂ ಸೇರಿಸಿ. ಇಷ್ಟು ವಾಟ್ಸಾಪ್‌ನಲ್ಲಿ ಬಂದರೆ, ಯಾವ ಡಬ್ಬಿ, ಯಾವ ಕೇಬಲ್ ತರಬೇಕು ಅಂತ ನಾವು ಹೊರಡುವ ಮೊದಲೇ ಹೇಳಬಹುದು.